ಹೀಟ್ ಪಂಪ್‌ಗೆ ಹಳೆಯ ರೇಡಿಯೇಟರ್ ಸಾಲುವುದೇ?

ಪ್ರಶ್ನೆ: ನಾನು ಶಿಡ್ಲಘಟ್ಟದವನು. ಬಹಳ ವರ್ಷ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ನಡೆಸಿ ಈಗ ಮಗನಿಗೆ ವಹಿಸಿದ್ದೇನೆ. ಮಗಳು ಮತ್ತು ಅಳಿಯ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 1930ರ ದಶಕದ ಹಳೆಯ ಮನೆಯೊಂದನ್ನು ಕೊಂಡಿದ್ದಾರೆ. ಮನೆ ಬೆಚ್ಚಗಿಡಲು ನೀರು ಕಾಯಿಸುವ ಗ್ಯಾಸ್ ಬಾಯ್ಲರ್ ತೆಗೆಸಿ, ಅದೇ ಕೆಲಸವನ್ನು ಕರೆಂಟಿನಿಂದ ಮಾಡುವ ಹೀಟ್ ಪಂಪ್ ಹಾಕಿಸುವ ಯೋಚನೆ ಇದೆ. ಅಲ್ಲಿನ ಗುತ್ತಿಗೆದಾರರು ಮನೆಯಲ್ಲಿರುವ 11 ರೇಡಿಯೇಟರ್‌ಗಳಲ್ಲಿ (ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಾಗಿಸುವ, ಗೋಡೆಗೆ ಕೂರಿಸಿದ ಲೋಹದ ಫಲಕಗಳು) 9ನ್ನು ಬದಲಿಸಬೇಕು ಎಂದು ಕೊಟೇಶನ್ ಕೊಟ್ಟಿದ್ದಾರೆ. ಗೋಡೆಗಳ ಒಳಗೆ ಇಟ್ಟಿಗೆಯ ಎರಡು ಪದರದ ನಡುವೆ ಉಣ್ಣೆಯಂಥ ವಸ್ತು ತುಂಬಿಸಿದ್ದಾರಂತೆ, ಕಿಟಕಿಗೆ ಎರಡು ಪದರದ ಗಾಜು ಇದೆ. ಇಷ್ಟೊಂದು ಬದಲಾಯಿಸುವ ಅಗತ್ಯ ಇದೆಯೇ? ಯಾವ ಬಗೆಯದು ಒಳ್ಳೆಯದು? ಇನ್ನೊಂದು ಮಾತು. ಚಳಿಗಾಲದಲ್ಲಿ ನನ್ನ ಹೆಂಡತಿಗೆ ಮಂಡಿನೋವು ಜಾಸ್ತಿ. ಇಂಥದ್ದೇ ವ್ಯವಸ್ಥೆಯನ್ನು ಶಿಡ್ಲಘಟ್ಟದ ನಮ್ಮ ಮನೆಗೂ ಹಾಕಿಸಬಹುದೇ?

ಉತ್ತರ: ಒಂಬತ್ತು ಎಂಬುದು ಸರಿಯೋ ತಪ್ಪೋ ಎಂದು ಈ ಕೊಟೇಶನ್ ನೋಡಿ ಯಾರೂ ಹೇಳಲಾರರು. ನೀವು ಕಳಿಸಿದ ಪ್ರತಿಯಲ್ಲಿ ರೇಡಿಯೇಟರ್‌ಗಳ ಉದ್ದ, ಎತ್ತರ, ಬೆಲೆ, ಕೂಲಿ ಎಲ್ಲವೂ ಇವೆ. ಇರಲೇಬೇಕಾದ ಒಂದು ಸಂಖ್ಯೆ ಮಾತ್ರ ಇಲ್ಲ. ಲೀಡ್ಸ್‌ನಲ್ಲಿ ಅತಿ ಚಳಿಯ ದಿನ ಹೀಟ್ ಪಂಪ್ ರೇಡಿಯೇಟರಿಗೆ ಎಷ್ಟು ಡಿಗ್ರಿಯ ನೀರು ಕಳಿಸಬೇಕು ಎಂದು ಲೆಕ್ಕ ಹಾಕಿದ್ದಾರೆ? ಅದು ಗೊತ್ತಿಲ್ಲದೆ ರೇಡಿಯೇಟರ್ ಆರಿಸುವುದು ಅಳತೆ ತೆಗೆಯದೆ ಬಟ್ಟೆ ಹೊಲಿಸಿದ ಹಾಗೆ. ಅಳಿಯ ಅವರಿಗೆ ಮೊದಲು ಕೇಳಲು ಹೇಳಬೇಕಾದ ಪ್ರಶ್ನೆ ಇದು.

ನೀರಿನ ಬಿಸಿಗೆ ಇಷ್ಟು ಮಹತ್ವ ಏಕೆ ಎಂಬುದನ್ನು ನೋಡೋಣ. ಗೂಡು ಬೇಯಿಸುವ ನೀರಿನ ಹದ ಬೇರೆ, ಬಿಚ್ಚುವ ಬೇಸಿನ್ನಿನ ನೀರಿನ ಹದ ಬೇರೆ ಎಂದು ತಿಳಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಗ್ಯಾಸ್ ಬಾಯ್ಲರಿಗೆ 70 ಡಿಗ್ರಿ ನೀರು ಕೊಡುವುದೂ ಒಂದೇ, 50 ಡಿಗ್ರಿ ಕೊಡುವುದೂ ಹೆಚ್ಚುಕಡಿಮೆ ಒಂದೇ. ಹೀಟ್ ಪಂಪಿಗೆ ಹಾಗಲ್ಲ. ಅದು ಹೊರಗಿನ ತಣ್ಣನೆಯ ಗಾಳಿಯಿಂದ ಶಾಖ ಹೀರಿ, ಕಂಪ್ರೆಸರ್ ಬಲದಿಂದ ಅದನ್ನು ಮೇಲಿನ ಮಟ್ಟಕ್ಕೆ ಏರಿಸಿ ನೀರಿಗೆ ಕೊಡುವ ಯಂತ್ರ. ಏರಿಸಬೇಕಾದ ಎತ್ತರ ಹೆಚ್ಚಿದಷ್ಟೂ ಕರೆಂಟ್ ಹೆಚ್ಚು ಬೇಕು. ನೀರಿನ ತಾಪಮಾನವನ್ನು ಒಂದು ಡಿಗ್ರಿ ಇಳಿಸಿದರೆ ವಿದ್ಯುತ್ ಖರ್ಚು ಸುಮಾರು ಶೇ 2ರಿಂದ 2.5ರಷ್ಟು ಇಳಿಯುತ್ತದೆ. 55 ಡಿಗ್ರಿಯ ಬದಲು 45ರಲ್ಲಿ ಮನೆ ಬೆಚ್ಚಗಾಗುವುದಾದರೆ ಬಿಲ್ಲಿನಲ್ಲಿ ಸುಮಾರು ಐದನೇ ಒಂದು ಭಾಗ ಉಳಿತಾಯ. ಬ್ರಿಟನ್ನಿನಲ್ಲಿ ಒಂದು ಯೂನಿಟ್ ವಿದ್ಯುತ್ತಿನ ದರ ಅಷ್ಟೇ ಶಕ್ತಿ ಕೊಡುವ ಗ್ಯಾಸಿನ ದರದ ಸುಮಾರು ನಾಲ್ಕು ಪಟ್ಟು. ಗ್ಯಾಸ್ ಬಾಯ್ಲರಿನಲ್ಲೂ ಸ್ವಲ್ಪ ಶಾಖ ಪೋಲಾಗುತ್ತದೆ. ಆದ್ದರಿಂದ ಒಂದು ಯೂನಿಟ್ ಕರೆಂಟಿಗೆ ಮೂರೂವರೆ ಯೂನಿಟ್ ಶಾಖವಾದರೂ ಬರದಿದ್ದರೆ ಗ್ಯಾಸಿಗಿಂತ ಅಗ್ಗ ಎಂಬ ಮಾತೇ ಬರುವುದಿಲ್ಲ. ಆ ಮೂರೂವರೆ ಸಿಗುವುದು 45ರ ಆಸುಪಾಸಿನಲ್ಲಿ. ನೀರು 55ಕ್ಕೆ ಏರಿದರೆ ಅದು ಮೂರರ ಹತ್ತಿರಕ್ಕೆ ಕುಸಿಯುತ್ತದೆ.

ಇನ್ನು ರೇಡಿಯೇಟರಿನ ಕಡೆಯ ಲೆಕ್ಕ. ಯುರೋಪಿನಲ್ಲಿ ಮಾರಾಟವಾಗುವ ಪ್ರತಿ ರೇಡಿಯೇಟರಿನ ಕ್ಯಾಟಲಾಗಿನಲ್ಲಿ ಇಷ್ಟು ವ್ಯಾಟ್ ಎಂದು ಬರೆದಿರುತ್ತಾರೆ. ಆ ವ್ಯಾಟ್ ಅಳೆಯುವುದು ನೀರು 75 ಡಿಗ್ರಿಯಲ್ಲಿ ಒಳಗೆ ಹೋಗಿ 65ರಲ್ಲಿ ಹೊರಬಂದಾಗ, ಕೋಣೆ 20 ಡಿಗ್ರಿ ಇದ್ದಾಗ. ಅಂದರೆ ರೇಡಿಯೇಟರಿನ ಸರಾಸರಿ ಬಿಸಿಗೂ ಕೋಣೆಗೂ 50 ಡಿಗ್ರಿ ಅಂತರ. ಹೀಟ್ ಪಂಪ್ ಇರುವ ಮನೆಯಲ್ಲಿ ಈ ಅಂತರ 20ರಿಂದ 28 ಇದ್ದರೆ ಹೆಚ್ಚು. ಅಂತರ ಅರ್ಧಕ್ಕೆ ಇಳಿದರೆ ಶಾಖ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ, ಇದು ಅನೇಕರು ಎಡವುವ ಜಾಗ. 30 ಡಿಗ್ರಿ ಅಂತರಕ್ಕೆ ಕ್ಯಾಟಲಾಗಿನ ಅಂಕಿಯನ್ನು 0.51ರಿಂದ ಗುಣಿಸಬೇಕು, 25ಕ್ಕೆ 0.41, 20ಕ್ಕೆ 0.30. ಈ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಯವರು ಎರಡು ಸಾವಿರ ವ್ಯಾಟಿನ ರೇಡಿಯೇಟರ್ ಎಂದಾಗ ನಿಮಗೆ ಅದು ಎಂಟುನೂರೋ ಆರುನೂರೋ ಎಂದು ಕೇಳಿಸಬೇಕು.

ಈಗ ಮಗಳ ಮನೆಯ ಹಾಲ್ ತೆಗೆದುಕೊಳ್ಳೋಣ. ನೀವು ಕೊಟ್ಟಿರುವ ಅಳತೆ 4 ಮೀಟರ್, 3.6 ಮೀಟರ್, ಎತ್ತರ 2.4. ಎರಡು ಗೋಡೆ ಹೊರಕ್ಕೆ, ಸುಮಾರು 3 ಚದರ ಮೀಟರ್ ಕಿಟಕಿ. ಲೀಡ್ಸ್‌ಗೆ ಹೊರಗಿನ ಚಳಿ ಮೈನಸ್ 3, ಹಾಲ್ ಒಳಗೆ 21 ಎಂದು ಹಿಡಿದರೆ ಅಂತರ 24 ಡಿಗ್ರಿ. ತುಂಬಿಸಿದ ಗೋಡೆಯಿಂದ ಸುಮಾರು 220 ವ್ಯಾಟ್ ಶಾಖ ಸೋರುತ್ತದೆ, ಹಳೆಯ ಎರಡು ಪದರದ ಗಾಜಿನಿಂದ 200. ಆ ಕಾಲದ ಮನೆಗಳಲ್ಲಿ ನೆಲ ಸಾಮಾನ್ಯವಾಗಿ ಮರದ ಹಲಗೆಯದು, ಕೆಳಗೆ ಗಾಳಿಯಾಡುವ ಟೊಳ್ಳು ಇರುತ್ತದೆ. ಅಲ್ಲಿಂದ 240. ಮೇಲಿನ ಮಲಗುವ ಕೋಣೆ 18 ಡಿಗ್ರಿಯಲ್ಲಿರುವುದರಿಂದ ಅತ್ತ 70. ಸಂದಿಗೊಂದಿಗಳಿಂದ ಗಂಟೆಗೊಮ್ಮೆ ಕೋಣೆಯ ಗಾಳಿ ಪೂರ್ತಿ ಬದಲಾಗುತ್ತದೆ ಎಂದುಕೊಂಡರೆ ಅದಕ್ಕೆ 270. ಎಲ್ಲ ಸೇರಿ ಒಂದು ಸಾವಿರ ವ್ಯಾಟ್. ಅದರಲ್ಲಿ ನೆಲ ಮತ್ತು ಗಾಳಿಯ ಪಾಲೇ ಅರ್ಧ ಎಂಬುದನ್ನು ಗಮನಿಸಿ, ಅದರ ವಿಚಾರ ಮುಂದೆ ಬರುತ್ತದೆ.

ಈಗ ಅಲ್ಲಿರುವುದು 60 ಸೆಂಟಿಮೀಟರ್ ಎತ್ತರ, 120 ಸೆಂಟಿಮೀಟರ್ ಉದ್ದದ ಒಂಟಿ ಫಲಕದ ರೇಡಿಯೇಟರ್. ಅಲ್ಲಿನ ವ್ಯಾಪಾರದಲ್ಲಿ ಇದನ್ನು 11 ಎಂದು ಕರೆಯುತ್ತಾರೆ: ಒಂದು ಫಲಕ, ಹಿಂದೆ ಒಂದು ಸಾಲು ಮಡಿಕೆ ತಗಡು. ಎರಡು ಫಲಕ, ಎರಡು ಸಾಲು ತಗಡು ಇದ್ದರೆ 22. ಮೂರು, ಮೂರು ಇದ್ದರೆ 33. ಕ್ಯಾಟಲಾಗಿನ ಪ್ರಕಾರ 11ರ ಶಕ್ತಿ ಸುಮಾರು 1,200 ವ್ಯಾಟ್. 45 ಡಿಗ್ರಿಯಲ್ಲಿ ಹೋಗಿ 40ರಲ್ಲಿ ಮರಳುವ ನೀರಿಗೆ ಅದು ಕೊಡುವುದು ಬರೀ 400. ಇಲ್ಲಿ ಗುತ್ತಿಗೆದಾರರ ಮಾತು ನಿಜ, ಇದನ್ನು ಬದಲಿಸಲೇಬೇಕು. ಅದೇ ಅಳತೆಯ 22 ಹಾಕಿದರೆ ಸುಮಾರು 690, ಅದೂ ಸಾಲದು. 33 ಹಾಕಿದರೆ 970, ಅಗತ್ಯಕ್ಕೆ ಬಹುತೇಕ ಸಮ. ಇಲ್ಲವೇ ನೀರನ್ನು 50 ಡಿಗ್ರಿಗೆ ಏರಿಸಿ 140 ಸೆಂಟಿಮೀಟರ್ ಉದ್ದದ 22 ಹಾಕಿದರೆ 1,050.

ಇವುಗಳಲ್ಲಿ ನನ್ನ ಆಯ್ಕೆ 33. ಅದು ಸುಮಾರು 16 ಸೆಂಟಿಮೀಟರ್ ದಪ್ಪ ಇರುತ್ತದೆ. ಮಗಳಿಗೆ ನೋಡಲು ಇಷ್ಟವಾಗದೇ ಇರಬಹುದು. ತೂಕವೂ ಹೆಚ್ಚು, ಗೋಡೆಯ ಬ್ರಾಕೆಟ್ ಗಟ್ಟಿಯಾಗಿರಬೇಕು. ಆದರೂ ದಪ್ಪ ರೇಡಿಯೇಟರಿನ ಹಣ ಒಂದು ಸಲದ್ದು. ಐದು ಡಿಗ್ರಿ ಹೆಚ್ಚಿನ ನೀರಿನ ದಂಡ ಪ್ರತಿ ಚಳಿಗಾಲ ಬರುವಂಥದ್ದು.

ಇದಕ್ಕಿಂತ ಮುಖ್ಯವಾದ ವಿಷಯವನ್ನು ಈ ಕೊಟೇಶನ್ ಮುಟ್ಟಿಯೇ ಇಲ್ಲ. ಹೀಟ್ ಪಂಪ್ ಇಡೀ ಮನೆಗೆ ಒಂದೇ ಬಿಸಿಯ ನೀರು ಕಳಿಸುತ್ತದೆ. ಕೋಣೆಗೊಂದು ತಾಪಮಾನದ ನೀರು ಎಂಬುದು ಸಾಮಾನ್ಯ ಮನೆಯಲ್ಲಿ ಇರುವುದಿಲ್ಲ. ಹತ್ತು ಕೋಣೆಗೆ 42 ಡಿಗ್ರಿ ಸಾಕಾಗಿ, ಒಂದೇ ಒಂದು ಕೋಣೆ 55 ಕೇಳಿದರೆ, ಆ ಒಂದು ಕೋಣೆಯ ಸಲುವಾಗಿ ಮನೆಯೆಲ್ಲ 55ರಲ್ಲಿ ಓಡಬೇಕು. ಮನೆಯ ಅತಿ ದುರ್ಬಲ ಕೋಣೆಯೇ ಬಿಲ್ಲು ಬರೆಯುತ್ತದೆ. ಹಾಗಾಗಿ ಎಷ್ಟು ರೇಡಿಯೇಟರ್ ಬದಲಿಸಬೇಕು ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಯಾವ ಕೋಣೆ ಹಿಂದೆ ಬಿದ್ದಿದೆ ಎಂದು ಹುಡುಕಬೇಕು. ಒಂಬತ್ತು ಕೋಣೆಗೂ ಸಾರಾಸಗಟಾಗಿ 22 ಬರೆದುಬಿಟ್ಟರೆ ಗುತ್ತಿಗೆದಾರರಿಗೆ ಲೆಕ್ಕದ ತಲೆನೋವು ತಪ್ಪುತ್ತದೆ. ಆದರೆ ಹಾಲ್‌ಗೆ ಅದು ಸಾಲದೆ ಹೋಗಬಹುದು, ಮಲಗುವ ಕೋಣೆಗೆ ಅದು ಬೇಕಿಲ್ಲದೆ ಇರಬಹುದು.

ಮಲಗುವ ಕೋಣೆಯನ್ನೇ ನೋಡಿ. ಅಲ್ಲಿ 18 ಡಿಗ್ರಿ ಸಾಕು ಎಂದು ಹಿಡಿಯುವುದು ಬ್ರಿಟನ್ನಿನ ರೂಢಿ. ಕೆಳಗಿನ ಹಾಲಿನಿಂದ ಶಾಖ ಮೇಲೇರುತ್ತದೆ, ಅಟ್ಟದಲ್ಲಿ ದಪ್ಪ ಉಷ್ಣ ನಿರೋಧಕ ಹಾಸಿದ್ದರೆ ಮೇಲಕ್ಕೆ ಹೋಗುವುದು ಅತ್ಯಲ್ಪ. ಇಂಥ ಕೋಣೆಗೆ 450 ವ್ಯಾಟಿನ ಆಸುಪಾಸು ಸಾಕಾಗಬಹುದು. ಹಾಲಿನಲ್ಲಿರುವಂಥದ್ದೇ 11 ಅಲ್ಲಿದ್ದರೆ, ಅದೇ 45 ಡಿಗ್ರಿ ನೀರಿಗೆ ಸುಮಾರು 470 ಕೊಡುತ್ತದೆ, ಏಕೆಂದರೆ ಕೋಣೆಯೇ ತಂಪಾಗಿದೆ. ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ನಿಮ್ಮ ಅಳಿಯನಿಗೆ ಮಲಗುವ ಕೋಣೆಯಲ್ಲೂ 21 ಬೇಕು ಎಂದಾದರೆ ಲೆಕ್ಕ ಬೇರೆ. ಅದನ್ನು ಗುತ್ತಿಗೆದಾರರಿಗೆ ಮೊದಲೇ ಹೇಳಿರಬೇಕು. ಇಲ್ಲಿಂದ ಹೋದವರಿಗೆ 18 ಡಿಗ್ರಿ ಎಂದರೆ ರಜಾಯಿ ಹೊದ್ದುಕೊಳ್ಳುವ ಚಳಿ ಎಂಬುದು ಅಲ್ಲಿನವರಿಗೆ ಹೊಳೆಯುವುದಿಲ್ಲ.

ಬಚ್ಚಲುಮನೆ ಇದಕ್ಕೆ ತದ್ವಿರುದ್ಧ. ಅಲ್ಲಿ 22 ಡಿಗ್ರಿ ಬೇಕು, ಗೋಡೆಯಲ್ಲಿ ಜಾಗ ಇಲ್ಲ, ಇರುವುದು ಟವೆಲ್ ಒಣಗಿಸುವ ಹೊಳೆಯುವ ಏಣಿ. ಕ್ಯಾಟಲಾಗಿನಲ್ಲಿ 400 ವ್ಯಾಟ್ ಎಂದಿರುವ ಏಣಿ ಈ ನೀರಿಗೆ 125 ಕೊಟ್ಟರೆ ಪುಣ್ಯ, ಮೇಲೆ ಒದ್ದೆ ಟವೆಲ್ ಹಾಕಿದರೆ ಅದೂ ಇಲ್ಲ. ಕ್ರೋಮ್ ಲೇಪನ ಬಣ್ಣ ಬಳಿದ ಲೋಹಕ್ಕಿಂತ ಕಡಿಮೆ ಶಾಖ ಸೂಸುತ್ತದೆ. ಕೊಟೇಶನ್ನಿನಲ್ಲಿ ಬದಲಿಸದೆ ಬಿಟ್ಟಿರುವ ಎರಡರಲ್ಲಿ ಒಂದು ಈ ಏಣಿ! ನನಗೆ ಈ ಪಟ್ಟಿಯ ಮೇಲೆ ನಂಬಿಕೆ ಕಡಿಮೆಯಾದದ್ದು ಇಲ್ಲಿಯೇ. ಬಾಗಿಲ ಹಿಂದೆಯೋ ಕಿಟಕಿಯ ಕೆಳಗೋ ಒಂದು ಸಣ್ಣ 22 ಕೂರಿಸಬಹುದು. ಜಾಗವೇ ಇಲ್ಲ ಎಂದಾದರೆ ಏಣಿಯೊಳಗೆ ಒಂದು ವಿದ್ಯುತ್ ಕಾಯಿಲ್ ಹಾಕಿಸಿ ಬೆಳಗ್ಗೆ ಒಂದು ಗಂಟೆ ಓಡಿಸಬಹುದು. ಆ ಗಂಟೆಯ ಕರೆಂಟ್ ದುಬಾರಿಯೇ, ಆದರೂ ಬಚ್ಚಲಿಗಾಗಿ ಮನೆಯೆಲ್ಲ ಬಿಸಿ ಏರಿಸುವುದಕ್ಕಿಂತ ಅಗ್ಗ.

ಕಾಗದದ ಲೆಕ್ಕದ ಜತೆಗೆ ಒಂದು ಪರೀಕ್ಷೆಯನ್ನೂ ಮಾಡಿಸಿ. ಇದಕ್ಕೆ ಕಾಸು ಬೇಕಿಲ್ಲ, ಹಳೆಯ ಗ್ಯಾಸ್ ಬಾಯ್ಲರ್ ಇನ್ನೂ ಮನೆಯಲ್ಲಿರುವಾಗ ಮಾತ್ರ ಸಾಧ್ಯ. ಹೊರಗೆ ಸೊನ್ನೆಯ ಹತ್ತಿರದ ಚಳಿ ಇರುವಾಗ ಬಾಯ್ಲರಿನಲ್ಲಿ ರೇಡಿಯೇಟರಿಗೆ ಸಂಬಂಧಿಸಿದ ತಿರುಪನ್ನು 50 ಡಿಗ್ರಿಗೆ ಇಳಿಸಬೇಕು. ಸ್ನಾನದ ನೀರಿಗೆ ಬೇರೆ ತಿರುಪು ಇದ್ದರೆ ಅದನ್ನು ಮುಟ್ಟಬಾರದು. ಬಿಸಿನೀರಿನ ದೊಡ್ಡ ಸಿಲಿಂಡರ್ ಇರುವ ಮನೆಯಾದರೆ ಮಾತ್ರ ಹುಷಾರು: ಅದರಲ್ಲಿನ ನೀರು 60 ಡಿಗ್ರಿ ಮುಟ್ಟದಿದ್ದರೆ ಲೀಜನೆಲ್ಲಾ ಎಂಬ ರೋಗಾಣು ಬೆಳೆಯುವ ಅಪಾಯ ಇದೆ, ಪರೀಕ್ಷೆ ಬೇಗ ಮುಗಿಸಿ ತಿರುಪನ್ನು ಮೊದಲಿನಂತೆ ಮಾಡಬೇಕು. ಎಲ್ಲ ರೇಡಿಯೇಟರ್ ವಾಲ್ವ್‌ಗಳನ್ನೂ ಪೂರ್ತಿ ತೆರೆದು, ಹಗಲು ರಾತ್ರಿ ಆರಿಸದೆ ಬಿಟ್ಟು, ಕೋಣೆಗೊಂದು ಅಗ್ಗದ ಥರ್ಮಾಮೀಟರ್ ಇಡಲಿ. ಎರಡನೆಯ ದಿನ ಯಾವ ಕೋಣೆ ಎಷ್ಟಕ್ಕೆ ನಿಂತಿದೆ ಎಂದು ಬರೆದುಕೊಳ್ಳಲಿ. 50ರಲ್ಲೂ ಬೆಚ್ಚಗಿದ್ದ ಕೋಣೆಯ ರೇಡಿಯೇಟರ್ ಬಹುಮಟ್ಟಿಗೆ ಹಾಗೆಯೇ ಉಳಿಯಬಹುದು. ತಣ್ಣಗೆ ಉಳಿದ ಎರಡು ಮೂರು ಕೋಣೆಗಳೇ ಹಣ ಹಾಕಬೇಕಾದವು.

ಹಾಗೆಯೇ ಪ್ರತಿ ರೇಡಿಯೇಟರನ್ನೂ ಕೈಯಿಂದ ಮುಟ್ಟಿ ನೋಡಲಿ. ಮೇಲೆ ತಣ್ಣಗಿದ್ದು ಕೆಳಗೆ ಬಿಸಿ ಇದ್ದರೆ ಗಾಳಿ ಸೇರಿಕೊಂಡಿದೆ, ಬದಿಯ ಸಣ್ಣ ಕೀಲಿಯಿಂದ ಬಿಟ್ಟರೆ ಸರಿಹೋಗುತ್ತದೆ. ಮೇಲೆ ಬಿಸಿ ಇದ್ದು ಕೆಳಗೆ ನಡುಭಾಗದಲ್ಲಿ ತಣ್ಣಗಿದ್ದರೆ ಒಳಗೆ ಕಪ್ಪು ಕೆಸರು ಕೂತಿದೆ. ಅದು ಕಬ್ಬಿಣದ ತುಕ್ಕಿನದ್ದೇ ಒಂದು ರೂಪ, ಅಯಸ್ಕಾಂತಕ್ಕೆ ಅಂಟುತ್ತದೆ. ರಭಸದ ನೀರಿನಿಂದ ತೊಳೆಸಿದರೆ ಕೆಲವು ರೇಡಿಯೇಟರ್‌ಗಳಿಗೆ ಮರುಜೀವ ಬರುತ್ತದೆ. ಹೀಟ್ ಪಂಪ್ ಜೋಡಿಸುವ ಮುನ್ನ ಈ ತೊಳೆಸುವ ಕೆಲಸ ಹೇಗೂ ಆಗಲೇಬೇಕು, ಪೈಪಿನಲ್ಲಿ ಅಯಸ್ಕಾಂತದ ಫಿಲ್ಟರ್ ಒಂದನ್ನೂ ಹಾಕಿಸಬೇಕು. ಕೆಸರು ಪಂಪಿನ ಶಾಖ ವಿನಿಮಯ ತಟ್ಟೆಗಳಲ್ಲಿ ಸಿಕ್ಕಿಕೊಂಡರೆ ರಿಪೇರಿ ಸುಲಭವಲ್ಲ. ಸೋಫಾ ಹಿಂದೆ ಅಡಗಿದ, ಉದ್ದ ಪರದೆ ಮುಚ್ಚಿದ, ಮರದ ಅಲಂಕಾರದ ಪೆಟ್ಟಿಗೆಯೊಳಗೆ ಕೂರಿಸಿದ ರೇಡಿಯೇಟರ್ ಇದ್ದರೆ ಮೊದಲು ಅದನ್ನು ಬಿಡಿಸಲಿ. 70 ಡಿಗ್ರಿ ನೀರಿನ ಕಾಲದಲ್ಲಿ ಆ ಶೋಕಿ ನಡೆಯುತ್ತಿತ್ತು.

ಗೋಡೆಯೊಳಗಿನ ಪೈಪ್ ಬಗ್ಗೆ ಕೊಟೇಶನ್ನಿನಲ್ಲಿ ಒಂದು ಅಕ್ಷರವೂ ಇಲ್ಲ, ರೇಡಿಯೇಟರಿಗಿಂತ ದೊಡ್ಡ ಖರ್ಚು ಅಲ್ಲಿ ಅಡಗಿರಬಹುದು. ಬಾಯ್ಲರಿನಲ್ಲಿ ನೀರು 20 ಡಿಗ್ರಿ ತಣ್ಣಗಾಗಿ ಮರಳಲು ಅವಕಾಶ ಇರುತ್ತದೆ, ಹೀಟ್ ಪಂಪಿನಲ್ಲಿ ಸಾಮಾನ್ಯವಾಗಿ ಐದೇ ಡಿಗ್ರಿ. ಅಷ್ಟೇ ಶಾಖ ಸಾಗಿಸಲು ನಾಲ್ಕು ಪಟ್ಟು ನೀರು ಹರಿಯಬೇಕು. 6 ಕಿಲೋವ್ಯಾಟ್ ಶಾಖಕ್ಕೆ ನಿಮಿಷಕ್ಕೆ 17 ಲೀಟರ್. 22 ಮಿಲಿಮೀಟರ್ ತಾಮ್ರದ ಪೈಪ್ ಇದನ್ನು ಸದ್ದಿಲ್ಲದೆ ಹೊರುತ್ತದೆ. 15ರ ಪೈಪ್ ಮೂರು ಕಿಲೋವ್ಯಾಟಿಗೆ ಸುಸ್ತಾಗುತ್ತದೆ. 10 ಮಿಲಿಮೀಟರ್ ಪೈಪ್ ಕಷ್ಟಪಟ್ಟು ಒಂದು ಕಿಲೋವ್ಯಾಟ್ ತಲುಪಿಸುತ್ತದೆ, 8ರದು ಅದರಲ್ಲೂ ಕಡಿಮೆ. ಬ್ರಿಟನ್ನಿನಲ್ಲಿ 1970ರ ದಶಕದಿಂದ ಇಂಥ ಸಣ್ಣ ಪೈಪಿನ ಜೋಡಣೆ ಚಾಲ್ತಿಗೆ ಬಂದಿದ್ದು, ಹಳೆಯ ಮನೆಗೆ ಆಮೇಲೆ ರೇಡಿಯೇಟರ್ ಕೂರಿಸಿದಾಗ ಇದನ್ನೇ ಬಳಸಿರುವ ಸಾಧ್ಯತೆ ಇದೆ. ಹಾಲಿನ ರೇಡಿಯೇಟರಿಗೆ 33 ಹಾಕಿ ಅದಕ್ಕೆ 8 ಮಿಲಿಮೀಟರಿನ ಪೈಪಿನಲ್ಲಿ ನೀರು ಕೊಟ್ಟರೆ ಹಾಕಿದ ದುಡ್ಡು ದಂಡ. ರೇಡಿಯೇಟರಿನ ಬುಡದಲ್ಲಿ ಕಾಣುವ ಪೈಪಿನ ದಪ್ಪವನ್ನು ಅಳಿಯ ಅವರು ಇವತ್ತೇ ಅಳೆದು ನೋಡಬಹುದು.

ಹೀಟ್ ಪಂಪಿಗೆಂದೇ ತಯಾರಾದ ವಿಶೇಷ ರೇಡಿಯೇಟರ್ ಎಂಬ ಜಾಹೀರಾತುಗಳಿಗೆ ಬೆಲೆ ಕೊಡಬೇಡಿ. ಸಾಮಾನ್ಯ ಉಕ್ಕಿನ ಫಲಕವೇ ಸಾಕು, ವಿಸ್ತೀರ್ಣ ಇರಬೇಕು ಅಷ್ಟೇ. ಫ್ಯಾನ್ ಇರುವ ರೇಡಿಯೇಟರ್ ಅಡುಗೆಮನೆಯಂಥ ಇಕ್ಕಟ್ಟಿನ ಗೋಡೆಗೆ ಒಳ್ಳೆಯ ಉಪಾಯ, ಸಣ್ಣ ಮೈಯಲ್ಲಿ ಹೆಚ್ಚು ಶಾಖ ಕೊಡುತ್ತದೆ. ಅದಕ್ಕೆ ಪ್ಲಗ್ ಬೇಕು, ಸಣ್ಣ ಸದ್ದು ಇರುತ್ತದೆ, ಹಾಗಾಗಿ ಮಲಗುವ ಕೋಣೆಗೆ ನಾನು ಸೂಚಿಸುವುದಿಲ್ಲ. ಮನೆಗೆ ಹೊಸ ಕೋಣೆ ಸೇರಿಸುವ ಯೋಚನೆ ಇದ್ದರೆ ಅಲ್ಲಿ ಮಾತ್ರ ನೆಲದಡಿ ಪೈಪ್ ಹಾಸಲಿ, ಅದು 35 ಡಿಗ್ರಿ ನೀರಿನಲ್ಲೇ ಕೆಲಸ ಮಾಡುತ್ತದೆ.

ಮೇಲೆ ಹೇಳಿದ ನೆಲ ಮತ್ತು ಗಾಳಿಯ ಮಾತಿಗೆ ಬರೋಣ. ಹಾಲಿನ ಸಾವಿರ ವ್ಯಾಟಿನಲ್ಲಿ ಅರ್ಧ ಈ ಎರಡರಿಂದ. ಹಲಗೆಯ ಕೆಳಗೆ ಉಷ್ಣ ನಿರೋಧಕ ತುಂಬಿಸಿ, ಹಲಗೆ ಗೋಡೆಗೆ ಸೇರುವ ಸಂದಿ, ಬಳಸದ ಹಳೆಯ ಬೆಂಕಿಗೂಡಿನ ಚಿಮಣಿ ಮುಚ್ಚಿಸಿದರೆ 250 ವ್ಯಾಟ್ ಸುಲಭವಾಗಿ ಉಳಿಯುತ್ತದೆ. ನೆಲದಡಿಯ ಗಾಳಿಕಿಂಡಿಗಳನ್ನು ಮಾತ್ರ ಮುಚ್ಚಬಾರದು, ಮರ ಕೊಳೆಯುತ್ತದೆ. ಸೋರಿಕೆ ಹೀಗೆ ಇಳಿದ ಮೇಲೆ 140 ಸೆಂಟಿಮೀಟರಿನ 22 ಇದ್ದರೂ 45 ಡಿಗ್ರಿ ನೀರಿಗೆ ಹಾಲ್ ಬೆಚ್ಚಗಿರುತ್ತದೆ, ದಪ್ಪನೆಯ 33 ನೋಡಿ ಮಗಳು ಮುಖ ಸಿಂಡರಿಸುವುದೂ ತಪ್ಪುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಾಳಿಯಿಂದ ಶಾಖ ಪಡೆಯುವ ಹೀಟ್ ಪಂಪಿಗೆ 2023ರ ಅಕ್ಟೋಬರಿನಿಂದ 7,500 ಪೌಂಡ್ ಸರ್ಕಾರಿ ನೆರವು ಸಿಗುತ್ತಿದೆ, ಮಾನ್ಯತೆ ಪಡೆದ ಗುತ್ತಿಗೆದಾರರ ಮೂಲಕ ಮಾತ್ರ. ಅಂಥವರು ಕೋಣೆವಾರು ಶಾಖ ನಷ್ಟದ ಲೆಕ್ಕ ಮಾಡಲೇಬೇಕು. ಆ ಹಾಳೆಯನ್ನು ಕೇಳಿ ಪಡೆಯುವುದು ಅಳಿಯ ಅವರ ಹಕ್ಕು. ಕೊಡಲು ಹಿಂದೆಮುಂದೆ ನೋಡಿದರೆ ಇನ್ನೊಬ್ಬರನ್ನು ಹುಡುಕಲಿ.

ಇನ್ನು ನಿಮ್ಮ ಮನೆ. ಶಿಡ್ಲಘಟ್ಟದಲ್ಲಿ ನೀರಿನ ರೇಡಿಯೇಟರ್ ಬೇಡ. ಡಿಸೆಂಬರ್, ಜನವರಿಯ ಬೆಳಗಿನ ಜಾವ 12 ಡಿಗ್ರಿ ಎಂದುಕೊಳ್ಳೋಣ, ಒಳಗೆ 20 ಬೇಕು. ಹತ್ತು ಹನ್ನೆರಡು ಅಡಿಯ ಕೋಣೆ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ ಛಾವಣಿ ಇದ್ದರೆ ಏಳುನೂರೈವತ್ತು, ಎಂಟುನೂರು ವ್ಯಾಟ್ ಸಾಕು. ಅದೂ ವರ್ಷಕ್ಕೆ ಎರಡು ತಿಂಗಳು, ದಿನಕ್ಕೆ ನಾಲ್ಕು ಗಂಟೆ. ಇಷ್ಟಕ್ಕೆ ಪಂಪ್, ಪೈಪ್, ವಾಲ್ವ್ ಎಂದು ಲಕ್ಷಗಟ್ಟಲೆ ಸುರಿಯುವುದು ದುಂದು. ಬೇಸಿಗೆಗೆ ಹೇಗೂ ಎ.ಸಿ. ಕೊಳ್ಳುವ ಯೋಚನೆ ಇದ್ದರೆ ಬಿಸಿ ಗಾಳಿಯನ್ನೂ ಕೊಡುವ ಇನ್ವರ್ಟರ್ ಮಾದರಿ ತೆಗೆದುಕೊಳ್ಳಿ, ಅದೂ ಒಂದು ಹೀಟ್ ಪಂಪೇ. ಇಲ್ಲವಾದರೆ ಎಣ್ಣೆ ತುಂಬಿದ ಒಂದು ವಿದ್ಯುತ್ ಹೀಟರ್ ಸಾಕು. ಇಡೀ ಚಳಿಗಾಲಕ್ಕೆ ಅದು ಸುಮಾರು 190 ಯೂನಿಟ್ ತಿನ್ನುತ್ತದೆ, ಎ.ಸಿ. 55ರಷ್ಟು. ಈ 135 ಯೂನಿಟ್ ಉಳಿಸಲೆಂದೇ ಎ.ಸಿ. ಕೊಂಡರೆ ಆ ಹಣ ಮರಳುವ ಹೊತ್ತಿಗೆ ಎ.ಸಿ. ಗುಜರಿಗೆ ಹೋಗಿರುತ್ತದೆ.

ಹೀಟರ್ ಕೊಳ್ಳುವ ಮೊದಲು ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಕಿಟಕಿಯ ಮೇಲಿನ ವೆಂಟಿಲೇಟರ್‌ಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ರಾತ್ರಿ ಮುಚ್ಚಿ. ಹುಳು ಸಾಕುವ ಮನೆಯಲ್ಲಿ ಕಾವಿಗೆ ಇಡುವ ಇದ್ದಿಲ ಒಲೆಯನ್ನು ಮಾತ್ರ ಮಲಗುವ ಕೋಣೆಗೆ ತರಬೇಡಿ. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇರುವುದಿಲ್ಲ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಮಂಡಿನೋವಿಗೆ ಚಳಿಯೊಂದೇ ಕಾರಣವೋ ಎಂಬುದನ್ನು ಮೂಳೆ ವೈದ್ಯರು ಹೇಳಬೇಕು.